ಕೂಗದ ರೈಲು

ಹೊಸ ಸೆಲ್ ಹಾಕಿದರೂ ಆಟಿಕೆ ರೈಲು ಓಡಲಿಲ್ಲ, ಕೂಗಲೂ ಇಲ್ಲ. ಚಳ್ಳಕೆರೆಯ ತನ್ನ ಫ್ಯಾನ್ಸಿ ಅಂಗಡಿಯಿಂದ ಅದನ್ನು ಮನೆಗೆ ತಂದಿದ್ದ ಸಂಗಮೇಶ ಹೆಂಡತಿಗೆ ಹೇಳಿದ: "ಇದನ್ನ ಕೂಗಿಸು ನೋಡಣ. ನಾಳೆಯಿಂದ ನೀನೂ ಅಂಗಡೀಲಿ ಕೂರುವಂತೆ."

ಮೂರು ವರ್ಷದಿಂದ ಶೈಲಜಾ ಕೇಳುತ್ತಿದ್ದದ್ದು ಅದನ್ನೇ. ಸೆಲ್ ಕೂರುವ ಸ್ಪ್ರಿಂಗಿಗೆ ಹಿಡಿದಿದ್ದ ಹಸಿರು ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕಿದಳು. ರೈಲು ಓಡಿತು. ಸ್ಪೀಕರಿನಿಂದ ಬಿಟ್ಟುಹೋಗಿದ್ದ ವೈರನ್ನು ಸುತ್ತಿ ಕೂರಿಸಿದಳು. ರೈಲು ಕೂಗುತ್ತಾ ಹೊಸ್ತಿಲಿಗೆ ಹೋಗಿ ತಗುಲಿತು.

"ಅಬ್ಬಾ, ಒಳ್ಳೆ ಕೈಚಳಕ ಐತೆ ನಿಂಗೆ!" ಸಂಗಮೇಶ ಹಿಗ್ಗಿದ. "ಆದ್ರೆ ಸೊಸೆ ಅಂಗಡೀಲಿ ಕೂತ್ರೆ ಅವ್ವ ಬಿಡ್ತಾಳಾ? ಇಲ್ಲೇ ಕೂತು ಮಾಡು. ಕೆಟ್ಟಿರೋವೆಲ್ಲ ನಾನೇ ತಂದ್ಕೊಡ್ತೀನಿ." ಸ್ಕೂಟರಿನಲ್ಲಿದ್ದ ಕೆಟ್ಟ ಆಟಿಕೆಗಳ ಚೀಲ ತರಲು ಅವನು ಹೊರಗೆ ಹೋದ.

ಶೈಲಜಾ ರೈಲನ್ನು ಮಡಿಲಿಗೆ ತೆಗೆದುಕೊಂಡು ಆ ವೈರನ್ನು ಕಿತ್ತಳು.

"ರೀ, ಇದು ಮತ್ತೆ ಕೂಗ್ತಿಲ್ಲ," ಎಂದಳು.