ನಾಲ್ಕನೆಯ ಪಟ್ಟಿ

ರಾತ್ರಿ ನಡುಮನೆಯ ಟಿ.ವಿ. ‘ಟಿಂಗ್’ ಎಂದಿತು. ಮನೆಮಂದಿಯೆಲ್ಲ ಒಂದೇ ಖಾತೆಯಲ್ಲಿ ನೋಡಿದ ವಿಡಿಯೋಗಳನ್ನು ವಿಷಯವಾರು ಪಟ್ಟಿ ಮಾಡಲು ಸೊಸೆ ಬರೆದ ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ ಕೆಲಸ ಮುಗಿಸಿತ್ತು. ಪಟ್ಟಿಗಳ ಹೆಸರು ಪರದೆಯ ಮೇಲೆ ಮೂಡಿದವು: ಅಡುಗೆ, ಭಜನೆ, ಕ್ರಿಕೆಟ್. ನಾಲ್ಕನೆಯದು: ‘ವಿಚ್ಛೇದನ’. ಅವಳು ಕದ್ದು ನೋಡಿದ್ದನ್ನೂ ಪ್ರೋಗ್ರಾಂ ಬಿಟ್ಟಿರಲಿಲ್ಲ.

ಗಂಡ ಬೆಲ್ಟಿಗೆ ಕೈ ಹಾಕಿದ. “ಯಾರೇ ಇದನ್ನ ನೋಡಿದ್ದು? ಬೊಗಳು!”

ಅವಳು ಗೋಡೆಯತ್ತ ಸರಿದಳು.

ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ನಾನೇ ಕಣೋ. ನಿಮ್ಮಪ್ಪನ ಜೊತೆ ನಲವತ್ತು ವರ್ಷ ಏಗಿದ್ದು ಸಾಕಾಯ್ತು.”

“ಒಳ್ಳೇ ತಮಾಷೆ ಕಣಮ್ಮ ನಿಂದು!” ಗಂಡ ನಗುತ್ತ ಮಲಗಲು ಹೋದ.

ಅತ್ತೆ ತನಗಾಗಿ ಸುಳ್ಳು ಹೇಳಿದರೆಂದು ಕಣ್ಣೊರೆಸಿಕೊಂಡು ಅವಳು ಆ ನಾಲ್ಕನೆಯ ಪಟ್ಟಿ ತೆರೆದಳು. ಹನ್ನೊಂದು ವಿಡಿಯೋಗಳಿದ್ದವು. ಅವಳು ನೋಡಿದ್ದು ಏಳೇ. ಉಳಿದ ನಾಲ್ಕೂ ಅರವತ್ತು ದಾಟಿದ ಹೆಂಗಸರಿಗೆಂದು ಮಾಡಿದವು. ಯಾರಿಗೂ ಹೇಳಬಾರದೆಂದು ನಿರ್ಧರಿಸಿ, ಅವಳು ಹನ್ನೊಂದನ್ನೂ ಅಳಿಸಿದಳು.