ಯಂತ್ರ ಗೆದ್ದ ಬೆಳಿಗ್ಗೆ

ಜ್ವರದ ಹುಡುಗಿಯೊಬ್ಬಳಿಂದ ತೆಗೆದ ಬ್ಯಾಕ್ಟೀರಿಯಾ ಬೆಳೆಸಿದ್ದ ಗಾಜಿನ ತಟ್ಟೆಯನ್ನು ಲ್ಯಾಬಿನ ಡಾಕ್ಟರ್ ಶಾಂಭವಿ ಬೆಳಕಿಗೆ ಹಿಡಿದು ನೋಡಿದಳು. ತಟ್ಟೆಯಲ್ಲಿಟ್ಟಿದ್ದ ಔಷಧದ ಬಿಲ್ಲೆಯ ಅಂಚಿನವರೆಗೂ ಅವು ದಟ್ಟವಾಗಿ ಬೆಳೆದಿದ್ದವು. ಅಂದರೆ ಈ ಔಷಧ ನಾಟುವುದಿಲ್ಲ. ಆದರೆ ಇದೇ ಪರೀಕ್ಷೆಯನ್ನು ಬೇಗ ಮಾಡುವ ಹೊಸ ಯಂತ್ರ ನಿನ್ನೆಯೇ ನಾಟುತ್ತದೆ ಎಂದಿತ್ತು. ಅದನ್ನು ನಂಬಿ ವಾರ್ಡಿನ ಡಾಕ್ಟರ್ ಚನ್ನವೀರ ಆ ಹುಡುಗಿಗೆ ಅದೇ ಇಂಜೆಕ್ಷನ್ ಬರೆದಿದ್ದರು.

ಲಿಫ್ಟಿಗೂ ಕಾಯದೆ ಶಾಂಭವಿ ಮೆಟ್ಟಿಲು ಹತ್ತಿ ಓಡಿದಳು.

ಹುಡುಗಿ ಹಾಸಿಗೆಯಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು.

"ಜ್ವರ ಪೂರ್ತಿ ಇಳದೈತಿ ನೋಡ್ರಿ ಮೇಡಂ," ಎಂದರು ಚನ್ನವೀರ. "ನಿಮ್ಮ ಪ್ಲೇಟ್ ಏನಂತೈತಿ?"

"ಈ ಔಷಧ ಕೆಲಸ ಮಾಡಂಗಿಲ್ಲ ಅಂತೈತ್ರಿ."

"ಹಂಗಾರ ಆ ಪ್ಲೇಟ್‌ನ್ಯಾಗ ಉಪ್ಪಿಟ್ಟು ಹಾಕ್ಕೊಂಡು ತಿನ್ರಿ. ನಮ್ಮ ಮಷೀನು ಗೆದ್ತು!"

ಶಾಂಭವಿ ಪರೀಕ್ಷೆಯ ಹೆಜ್ಜೆಗಳನ್ನು ಒಂದೊಂದಾಗಿ ನೆನೆದಳು. ಬಿಲ್ಲೆಯೇ ಹಳೆಯದಿತ್ತೇ? ತಾನೇ ಎಲ್ಲಾದರೂ ಎಡವಿದೆನೇ? ಎಷ್ಟು ಯೋಚಿಸಿದರೂ ತಪ್ಪು ಕೈಗೆ ಸಿಗಲಿಲ್ಲ.

ಅಷ್ಟರಲ್ಲಿ ಹುಡುಗಿಯ ಅಪ್ಪ ಏದುಸಿರು ಬಿಡುತ್ತ ಒಳಗೆ ಬಂದ. ಕೈಯಲ್ಲಿ ಐಸ್ ಜೊತೆ ಸುತ್ತಿದ್ದ ಪುಟ್ಟ ಡಬ್ಬಿಯಿತ್ತು.

"ನೀವು ಬರದ ಇಂಜೆಕ್ಷನ್ ನಿನ್ನಿಯಿಂದ ಯಾವ ಅಂಗಡ್ಯಾಗೂ ಇರಲಿಲ್ರಿ ಸಾಹೇಬ್ರ. ಈಗ ಸಿಕ್ಕೈತಿ, ಲಗೂನ ಹಾಕ್ರಿ!"