ಸಾಕ್ಷಿಗೆ ಒಂದೇ ಪ್ರಶ್ನೆ

“ಟೋಪಿ ತೆಗಿ. ಬೆಲ್ಟೂ ಬಿಚ್ಚು,” ಎಂದ ಹವಾಲ್ದಾರ. ಆರೋಪ ಕೇಳಲು ಸಾಹೇಬರ ಮುಂದೆ ನಿಲ್ಲುವ ಸಿಪಾಯಿ ಬರಿತಲೆಯಲ್ಲಿ, ಬೆಲ್ಟಿಲ್ಲದೆ ನಿಲ್ಲಬೇಕು. ಹುಡುಗ ಎರಡನ್ನೂ ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲಿಟ್ಟ. ತೊಟ್ಟಿದ್ದು ಗೆಳೆಯನ ಸಮವಸ್ತ್ರ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಅವನನ್ನು ಒಳಗೆ ಬಿಟ್ಟು ಬಂದ ಹವಾಲ್ದಾರ ದನಿ ತಗ್ಗಿಸಿದ. “ನೋಡಮ್ಮಾ, ರಜೆ ಮುಗಿದ್ರೂ ಬರಲಿಲ್ಲ ಅಂದ್ರೆ ಬರೀ ಗೈರುಹಾಜರಿ. ಒಂದಿಷ್ಟು ದಿನ ಲಾಕಪ್ಪು, ಒಂದಿಷ್ಟು ಬೈಗುಳ, ಆಮೇಲೆ ಎಲ್ಲರ ಜೊತೆ ಗಡಿಗೆ ಹೊರಡ್ತಾನೆ. ವಾಪಸ್ ಬರೋ ಮನಸ್ಸೇ ಇರಲಿಲ್ಲ ಅಂತಾದ್ರೆ ಪಲಾಯನ. ಕೋರ್ಟ್ ಮಾರ್ಷಲ್ಲು, ಜೈಲು. ಸಮವಸ್ತ್ರ ನಿಮ್ಮನೇಲಿ ಚಿಂದಿಯಾಗಿ ಸಿಕ್ಕಿದ್ದೇ ಎಡವಟ್ಟು. ಯಾರು ಕತ್ತರಿಸಿದ್ದು ಅಂದ್ರೆ ಅವನು ಬಾಯೇ ಬಿಡಲ್ಲ. ನೀವಾದ್ರೂ ನಿಜ ಹೇಳಿ.”

“ಜೈಲು ಎಲ್ಲಿದೆ?”

“ಇದೇ ಊರಲ್ಲಿ, ಬಸ್ ನಿಲ್ದಾಣದ ಹಿಂದೆ. ಯಾಕಮ್ಮಾ?”

“ಸುಮ್ನೆ ಕೇಳ್ದೆ.”

ಕತ್ತರಿಸಿದ್ದು ಅವಳೇ. ಹೋದ ವರ್ಷ ಅದೇ ಗಡಿಯಿಂದ ಗಂಡ ಪೆಟ್ಟಿಗೆಯಲ್ಲಿ ಬಂದಿದ್ದ. ರಜೆಯ ಕೊನೆಯ ದಿನ ತಮ್ಮ ಸ್ನಾನಕ್ಕಿಳಿದಾಗ ತೋಳು, ಕಾಲರು, ಜೇಬು ಎಲ್ಲ ಬೇರೆ ಬೇರೆ ಮಾಡಿಬಿಟ್ಟಿದ್ದಳು. ಅವನು ಬೈಯಲಿಲ್ಲ. “ನಿನಗೆ ಸಮಾಧಾನ ಆಗೋವರೆಗೂ ಇರ್ತೀನಿ, ಆಮೇಲೆ ಹೋಗ್ತೀನಿ,” ಎಂದು ಉಳಿದುಕೊಂಡ. ಅಷ್ಟರೊಳಗೆ ಸೇನಾ ಪೊಲೀಸರು ಬಂದರು.

ಒಳಗೆ ಕರೆದರು. ಮೇಜಿನ ಮೇಲೆ ಚಿಂದಿಗಳ ರಾಶಿ. ಫ್ಯಾನಿನ ಗಾಳಿಗೆ ಒಂದು ಜೇಬು ಏಳುತ್ತಿತ್ತು, ಬೀಳುತ್ತಿತ್ತು.

“ಇದನ್ನ ಯಾರು ಕತ್ತರಿಸಿದ್ದು?” ಸಾಹೇಬರು ಕೇಳಿದರು.

ಅವಳ ಹೆಬ್ಬೆರಳು ಚಪ್ಪಲಿಯನ್ನು ಕೆರೆಯುತ್ತಲೇ ಇತ್ತು. “ಅವನೇ. ಇನ್ನು ಸೇನೆಗೆ ಹೋಗಲ್ಲ ಅಂತ ಹೇಳಿ ಕತ್ತರಿಸಿದ.”

ಹುಡುಗ ಗೋಡೆಯಿಂದ ಕಣ್ಣು ಕೀಳಲಿಲ್ಲ. ಸಾಹೇಬರು ಅವನತ್ತ ತಿರುಗಿದರು. “ಸಾಕ್ಷೀನ ಪ್ರಶ್ನೆ ಮಾಡೋ ಹಕ್ಕು ನಿನಗಿದೆ. ಏನಾದ್ರೂ ಕೇಳ್ತೀಯಾ?”

“ಒಂದೇ ಒಂದು, ಸರ್.” ಅವನು ಈಗ ಅವಳನ್ನು ನೋಡಿದ. “ಅಕ್ಕಾ, ಭಾವನ ಸಮವಸ್ತ್ರ ಈಗ್ಲೂ ಇಸ್ತ್ರಿ ಮಾಡಿ ಇಡ್ತೀಯಾ?”

“...ಹೂಂ. ಪ್ರತಿ ಭಾನುವಾರ.”

“ಇದಕ್ಕೂ ಕೇಸಿಗೂ ಏನಯ್ಯಾ ಸಂಬಂಧ?”

“ಏನಿಲ್ಲ ಸರ್. ಕೇಳೋದು ಮುಗೀತು.”

ಆರೋಪ ಪಲಾಯನವೆಂದೇ ಆಯಿತು. ಜಾರುವ ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹುಡುಗ ಹಿಂಬಾಗಿಲಿನಿಂದ ಹೋದ.

ಹೊರಗೆ ಬೆಂಚಿನ ಮೇಲೆ ಅವನ ಟೋಪಿ, ಬೆಲ್ಟು ಹಾಗೇ ಬಿದ್ದಿದ್ದವು. ಅಕ್ಕ ಬೆಲ್ಟನ್ನು ಮಡಿಲಿಗೆ ಎಳೆದುಕೊಂಡು, ಬಕಲನ್ನು ಫಳಫಳ ಹೊಳೆಯುವಂತೆ ಉಜ್ಜತೊಡಗಿದಳು.